ಹಚ್ಚಿದ ಸಾ ಹತ್ತಬೇಕಲ್ಲ

ಸಂಗೀತ ಕಲಿಯುವವರ ಬದುಕಿನಲ್ಲಿ ಸಂಗೀತ ಬಿಟ್ಟು ಉಳಿದದ್ದೆಲ್ಲ ನಡೆಯುತ್ತದೆ. ನನ್ನ ಮಟ್ಟಿಗಂತೂ ವಾರಕ್ಕೊಂದು ಫಜೀತಿ ಕಟ್ಟಿಟ್ಟ ಬುತ್ತಿ. ನಾನಿರುವುದು ಠಾಕುರ್ಲಿಯಲ್ಲಿ, ಬಿ.ಕಾಂ. ಓದುವುದು ಡೊಂಬಿವಲಿಯಲ್ಲಿ, ಭಾನುವಾರ ಹಿಂದೂಸ್ತಾನಿ ಕಲಿಯಲು ಹೋಗುತ್ತಿದ್ದದ್ದು ಕಾಮೋಠೆಗೆ. ಬಿ.ಕಾಂ. ಯಾಕೆ ಎಂದು ಈವರೆಗೆ ಯಾರೂ ಕೇಳಿಲ್ಲ. ಸಂಗೀತ ಯಾಕೆ ಎಂದು ಎಲ್ಲರೂ ಕೇಳಿದ್ದಾರೆ.

ಬೀನ್ಸ್

ನಮ್ಮ ಟೀಚರ್ ಧಾರವಾಡದವರು, ಎಪ್ಪತ್ತು ದಾಟಿದವರು. ನಾವು ಉಡುಪಿಯವರು. ಮನೆಯಲ್ಲಿ ತುಳು, ಕಳವಾದಲ್ಲಿರುವ ಅಪ್ಪನ ಹೋಟೆಲಿನಲ್ಲಿ ಹಿಂದಿ, ಕನ್ನಡವೇನಿದ್ದರೂ ನೆಂಟರು ಬಂದಾಗ. ಮೊದಲ ದಿನ ಟೀಚರ್ ತಂಬೂರಿ ಮೀಟುತ್ತ, "ಹೂಂ, ಸಾ ಹಚ್ಚು" ಅಂದರು.

ನನಗೆ ಗೊತ್ತಿದ್ದ ಕನ್ನಡದಲ್ಲಿ ಹಚ್ಚುವುದು ಎಂದರೆ ತರಕಾರಿ. ಹೋಟೆಲಿನ ಪಲ್ಯಕ್ಕೆ ಅಮ್ಮ ಬೆಳಗಾದರೆ ಬೀನ್ಸ್ ಹಚ್ಚುತ್ತಾಳೆ. ಸಂಗೀತದಲ್ಲೂ ಹಾಗೊಂದು ಪದ್ಧತಿ ಇರಬೇಕೆಂದು ನಾನು ಸ, ಸ, ಸ, ಸ ಎಂದು ತುಂಡು ತುಂಡು ಮಾಡಿ ಹಾಡಿದೆ. ಹಾಗಲ್ಲ, ಚಂದ ಮಾಡಿ ಹಚ್ಚು ಎಂದರು. ಇನ್ನೂ ಸಣ್ಣಗೆ ಹಚ್ಚಿದೆ. ಟೀಚರ್ ತಂಬೂರಿ ನಿಲ್ಲಿಸಿ, ಇದನ್ನು ಯಾರು ಕಲಿಸಿದರು ಎಂದು ಕೇಳಿದರು. ಅಮ್ಮ ಎಂದೆ.

ಆಮೇಲೆ ಬಿಡಿಸಿ ಹೇಳಿದರು. "ದೀಪಾ ಹಚ್ಚತೀವಿ, ಅದು ಹತ್ತತದ. ಹಂಗ ಸಾ ಹಚ್ಚಬೇಕು, ಅದು ಹತ್ತಬೇಕು. ತಂಬೂರಿ ಯಾವ್ದು, ನೀ ಯಾವ್ದು ಗೊತ್ತಾಗಬಾರ್ದು. ಹತ್ತಿದ ದಿನ ನಾನ ಹೇಳತೀನಿ."

ನಮ್ಮಲ್ಲಿ ಹತ್ತುವುದು ಎಂದರೆ ಟ್ರೇನು. ಟ್ರೇನು ನಾಲ್ಕು ನಿಮಿಷಕ್ಕೊಮ್ಮೆ ಬರುತ್ತದೆ. ಟೀಚರ್ ಬಾಯಿಂದ "ಹತ್ತಿತು" ಎಂಬ ಒಂದು ಮಾತಿಗೆ ನಾನು ನಾಲ್ಕು ವರ್ಷ ಕಾದೆ.

ಪಂಪು

ಮನೆಯಲ್ಲಿ ತಂಬೂರಿ ಇಲ್ಲ, ಇಡಲು ಜಾಗವೂ ಇಲ್ಲ. ಮೊಬೈಲಿನ ತಂಬೂರಿಯೇ ಗತಿ. ಬೆಳಿಗ್ಗೆ ಐದೂವರೆಗೆ ಅದನ್ನು ಹಚ್ಚಿಟ್ಟು (ಈಗ ನಾನೂ ಹಚ್ಚುತ್ತೇನೆ) ಜೊತೆಗೆ ಮೆಲ್ಲಗೆ ಸಾ ಎನ್ನುತ್ತಿದ್ದೆ. ಒಂದು ವಾರ ಕಳೆದ ಮೇಲೆ ಕೆಳಗಿನ ಮನೆಯ ಮರಾಠಿ ಕಾಕೂ ಬಿಲ್ಡಿಂಗಿನ ಸೆಕ್ರೆಟರಿಯನ್ನು ಎಬ್ಬಿಸಿ, ನೀರಿನ ಪಂಪು ಚಾಲೂ ಉಳಿದಿದೆ ಎಂದು ದೂರು ಕೊಟ್ಟರು. ಸೆಕ್ರೆಟರಿ ಹೋಗಿ ನೋಡಿದರೆ ಪಂಪು ಬಂದ್. ಆದರೂ ಸದ್ದು ಬರುತ್ತಿತ್ತು. ಪಂಪು ರಿಪೇರಿಯ ಮಿಸ್ತ್ರಿಯನ್ನು ಕರೆಸಿದರು. ಅವನು ಪಂಪಿಗೆ ಕಿವಿಗೊಟ್ಟು, ಗೋಡೆಗೆ ಕಿವಿಗೊಟ್ಟು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದು ನಮ್ಮ ಬಾಗಿಲಿಗೆ ಕಿವಿಗೊಟ್ಟ.

ಅವತ್ತಿನಿಂದ ನನ್ನ ಸಾ ದಿಂಬಿನೊಳಗೆ ಹೋಯಿತು. ಗಂಟಲು ತುಂಬಿ ಒಂದೇ ಒಂದು ಸಾ ಹಾಡಲು ಇಷ್ಟು ದೊಡ್ಡ ಊರಿನಲ್ಲಿ ಒಂದು ಮೂಲೆ ಇಲ್ಲವಲ್ಲ ಎಂದು ಎಷ್ಟೋ ಸಲ ಅಳು ಬರುತ್ತಿತ್ತು. ಅಳುವುದೂ ದಿಂಬಿನೊಳಗೇ.

ಮಳೆಗಾಲಕ್ಕೆ ಮುಂಚೆ ಒಂದು ದಿನ ಪಂಪು ನಿಜವಾಗಿ ರಾತ್ರಿಯಿಡೀ ಓಡಿ ಸುಟ್ಟುಹೋಯಿತು. ಇಡೀ ಬಿಲ್ಡಿಂಗಿಗೆ ಎರಡು ದಿನ ನೀರಿಲ್ಲ. ಸದ್ದು ಕೇಳಿದವರು ಯಾಕೆ ಹೇಳಲಿಲ್ಲ ಎಂದು ಮೀಟಿಂಗಿನಲ್ಲಿ ಸೆಕ್ರೆಟರಿ ಕೇಳಿದರು. ಕಾಕೂ ನನ್ನತ್ತ ಕೈ ತೋರಿಸಿ, ನಾನು ಇವಳೇ ಅಂದುಕೊಂಡೆ, ಪಾಪ, ಪರೀಕ್ಷೆ ಏನಾದರೂ ಇರಬಹುದು ಅಂತ ಸುಮ್ಮನಿದ್ದೆ ಎಂದರು.

ಖಾಲಿ

ಭಾನುವಾರ ಎಂದರೆ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಅರ್ಧ ಗಾಡಿ ರದ್ದು. ಮೂರು ಗಾಡಿಯ ಜನ ಒಂದೇ ಗಾಡಿಯಲ್ಲಿ. ಅಂಥದೊಂದು ದಿನ ಠಾಣೆಯಿಂದ ಪನ್ವೇಲ್ ಕಡೆಯ ಗಾಡಿಯಲ್ಲಿ ನನಗೆ ಅದೃಷ್ಟಕ್ಕೆ ಸೀಟು ಸಿಕ್ಕಿತ್ತು. ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ತೀನತಾಲದಲ್ಲಿ ಒಂಬತ್ತನೆಯ ಮಾತ್ರೆಗೆ ತಟ್ಟುವುದಿಲ್ಲ, ಕೈಯನ್ನು ಪಕ್ಕಕ್ಕೆ ಬೀಸುತ್ತೇವೆ. ಅದಕ್ಕೆ ಹೆಸರೇ ಖಾಲಿ. ಒಂಬತ್ತು ಬಂದಾಗ ಕೈ ಬೀಸಿ ತುಟಿಯಲ್ಲೇ "ಖಾಲಿ" ಎಂದೆ.

ಲೇಡೀಸ್ ಡಬ್ಬಿಯಲ್ಲಿ ಆ ಪದವನ್ನು ತುಟಿಯಲ್ಲಿ ಅಂದರೂ ಕೇಳಿಸುತ್ತದೆ. ನಿಂತಿದ್ದ ನಾಲ್ವರು ನನ್ನ ಕೈ ಹೋದ ದಿಕ್ಕಿಗೆ ನುಗ್ಗಿದರು. ಅಲ್ಲಿ ಕೂತಿದ್ದ ಹೆಂಗಸು, ತಾನೆಲ್ಲಿ ಇಳಿಯುತ್ತಿದ್ದೇನೆ ಎಂದು ಜಗಳಕ್ಕೇ ನಿಂತಳು. ನಾನು ಕೈಮುಗಿದು, ಇದು ಸಂಗೀತ, ಸೀಟಲ್ಲ ಎಂದು ಹಿಂದಿಯಲ್ಲಿ ವಿವರಿಸಿದೆ. ನಾಲ್ವರಲ್ಲಿ ಹಿರಿಯವಳು, ಹಾಗಾದರೆ ಒಂದು ಸಲ ಹಾಡು ನೋಡೋಣ ಎಂದಳು. ಎಲ್ಲರೂ ಸುಮ್ಮನಾಗಿ ನನ್ನನ್ನೇ ನೋಡಿದರು. ಅಂಥ ಮೌನಕ್ಕಾಗಿಯೇ ನಾನು ಆಸೆಪಟ್ಟವಳು. ಆದರೆ ದಿಂಬಿಗೆ ಒಗ್ಗಿದ ಗಂಟಲು ಏಳಲೇ ಇಲ್ಲ.

ಅವಳು ಸ್ವಲ್ಪ ಕಾದು, ಬೇಡ ಬಿಡು ಎಂದು ನನ್ನ ಭುಜ ತಟ್ಟಿದಳು. ಆಮೇಲೆ ಬಗ್ಗಿ ಮೆಲ್ಲಗೆ ಕೇಳಿದಳು: "ತೂ ಕಹಾಂ ಉತರೇಗೀ, ಬೇಟಾ? ಅಸಲೀ ಖಾಲಿ ತೋ ವಹೀಂ ಆಯೇಗಾ ನಾ." ನಾನೆಲ್ಲಿ ಇಳಿಯುತ್ತೇನೋ ಅಲ್ಲೇ ಅವಳ ನಿಜವಾದ ಖಾಲಿ.

ಮತಲಬ್

ನನಗಿಂತ ಮೂರು ವರ್ಷ ತಡವಾಗಿ ಟೀಚರ್ ಹತ್ತಿರ ಎಂಟನೇ ಕ್ಲಾಸಿನ ಒಂದು ಹುಡುಗಿ ಸೇರಿದಳು. ಕಾಮೋಠೆಯಲ್ಲೇ ಹುಟ್ಟಿದವಳು, ಕನ್ನಡ ಕಿವಿಗೆ ಬಿದ್ದರೂ ಬಾಯಿಗೆ ಬಾರದವಳು. ಆರು ತಿಂಗಳಾಗಿರಲಿಲ್ಲ. ಒಂದು ದಿನ ಅವಳು ಕಿಟಕಿಯಾಚೆ ಪಾರಿವಾಳ ನೋಡುತ್ತ ಸಾ ಹಾಡಿದಳು. ಟೀಚರ್ ಕಣ್ಣು ಮುಚ್ಚಿ, "ಹತ್ತಿತು" ಅಂದರು.

ಸುಳ್ಳು ಯಾಕೆ ಹೇಳಲಿ, ಆ ಪಾರಿವಾಳದ ಮೇಲೂ ಸಿಟ್ಟು ಬಂತು. ಹುಡುಗಿ ನನ್ನ ಕಡೆ ತಿರುಗಿ, "ದೀದಿ, ಹತ್ತಿತು ಮತಲಬ್?" ಎಂದು ಕೇಳಿತು.

ಮೂರೂವರೆ ವರ್ಷದಿಂದ ನಾನು ಕಾಯುತ್ತಿದ್ದ ಮಾತನ್ನು ಕೂತು ಹಿಂದಿಗೆ ಅನುವಾದ ಮಾಡಿ ಅವಳಿಗೆ ಕೊಟ್ಟೆ. ಎಲ್ಲ ಕೇಳಿಸಿಕೊಂಡು, "ಅಚ್ಛಾ, ಮೈಂ ಸಮಝೀ ದಸ್" ಎಂದಿತು. ಅದಕ್ಕೆ ಹತ್ತಕ್ಕೆ ಹತ್ತು ಮಾರ್ಕು ಬಂದಿತ್ತು.

ಠಾಣೆ, ಪ್ಲಾಟ್‌ಫಾರ್ಮು

ಕಳೆದ ತಿಂಗಳು ಟೀಚರ್ ಕಾಮೋಠೆ ಬಿಟ್ಟರು. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ಮಂಡಿ ಕೇಳುವುದಿಲ್ಲ. ಧಾರವಾಡದಲ್ಲಿ ಮಗಳ ಮನೆ. ಕೊನೆಯ ಪಾಠದ ದಿನ ನಾನು ಜೀವ ಹಿಡಿದು ಹಾಡಿದೆ. ಅವರು ತಂಬೂರಿಗೆ ಗವಸು ಹಾಕುತ್ತ, ಗಂಟಲು ಇನ್ನೂ ಹೆದರುತ್ತದೆ ಎಂದರು, ಇನ್ನು ಗುರುವಾರ ಸಂಜೆ ಏಳಕ್ಕೆ ಫೋನಿನಲ್ಲಿ ಪಾಠ ಎಂದರು. ಅಷ್ಟೇ. ಹಿಂದಿರುಗುವಾಗ ಸೀಟು ಸಿಕ್ಕರೂ ನಾನು ಕೂರಲಿಲ್ಲ.

ಮೊದಲ ಗುರುವಾರ ಠಾಣೆಯಲ್ಲಿ ನನ್ನ ಟ್ಯಾಲಿ ಕ್ಲಾಸು ತಡವಾಗಿ ಬಿಟ್ಟಿತು. ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ಸರಿಯಾಗಿ ಏಳಕ್ಕೆ ಫೋನು. ಇಯರ್‌ಫೋನಿನಲ್ಲಿ ಅದೇ ತಂಬೂರಿ.

"ಸಾ ಹಚ್ಚು."

"ಟೀಚರ್, ಠಾಣೆ ಸ್ಟೇಷನ್ನಿನಲ್ಲಿದ್ದೇನೆ. ತುಂಬ ಜನ ಉಂಟು."

"ಮಂದಿ ನಿನ್ನ ಸಾ ಕಸಗೊಂಡು ಹೋಗತಾರೇನು? ಹಚ್ಚು."

ಆಗ ಹೊಳೆಯಿತು. ಇಲ್ಲಿ ಗೋಡೆಯಿಲ್ಲ, ಕಾಕೂ ಇಲ್ಲ, ಮಿಸ್ತ್ರಿ ಇಲ್ಲ. ಅನೌನ್ಸ್‌ಮೆಂಟು, ಹಾರ್ನು, ಗದ್ದಲದ ನಡುವೆ ನಾನು ಕಿರುಚಿದರೂ ಕೇಳುವವರಿಲ್ಲ. ನಾಲ್ಕು ವರ್ಷ ಹುಡುಕಿದ ಮೂಲೆ ಇದೇ. ಕಣ್ಣು ಮುಚ್ಚಿ ಗಂಟಲು ತುಂಬಿ ಸಾ ಹಾಡಿದೆ. ಅಷ್ಟರಲ್ಲಿ ಕಲ್ಯಾಣ್ ಸ್ಲೋ ಗಾಡಿ ಬಂತು. ಜನ ನೂಕಿದರು, ಕಾಲು ನೆಲ ಬಿಟ್ಟಿತು, ನಾನು ಉಸಿರು ಬಿಡಲಿಲ್ಲ. ಹಾಡುತ್ತಲೇ ಡಬ್ಬಿಯೊಳಗೆ ಹೋಗಿ ಒಂದು ಕಂಬಕ್ಕೆ ಅಂಟಿಕೊಂಡೆ.

ಕಿವಿಯಲ್ಲಿ ಟೀಚರ್ ಮೆಲ್ಲಗೆ, "ಹತ್ತಿತು" ಅಂದರು.

"ಹೌದು ಟೀಚರ್, ಹತ್ತಿದೆ" ಎಂದೆ ನಾನು ಏದುಸಿರು ಬಿಡುತ್ತ. "ಆದರೆ ಸೀಟು ಸಿಗಲಿಲ್ಲ."

ಆ ಕಡೆ ಅವರು ನಕ್ಕದ್ದು ಕೇಳಿಸಿತು, ಮಂಡಿ ನೋವಿನವರು ನಗಬಾರದಷ್ಟು ನಕ್ಕರು.

"ಏ ಖೋಡಿ, ಸಾ ಹತ್ತಿದ ಮ್ಯಾಲ ಸೀಟು ಯಾಕ ಬೇಕ?"

ಅವರು ಏನು ಹೇಳಿದರೆಂದು ನನಗೆ ಅರ್ಥವಾದದ್ದು ಅಪ್ಪನ ಕಳವಾ ದಾಟಿದ ಮೇಲೆ. ಇನ್ನೊಂದು ಸಲ ಹೇಳಿ ಟೀಚರ್ ಎಂದು ಬೇಡಿಕೊಂಡೆ. ಮತ್ತೆ ಹಚ್ಚು, ಹತ್ತಿದರೆ ಹೇಳುತ್ತೇನೆ ಎಂದರು. ಹಚ್ಚಿದೆ. ಕಂಬ ಹಿಡಿದು, ಯಾರದೋ ಬ್ಯಾಗಿಗೆ ಕೆನ್ನೆಯಿಟ್ಟು, ಅಳುತ್ತ ನಗುತ್ತ ಹಚ್ಚುತ್ತಲೇ ಇದ್ದೆ. ಡೊಂಬಿವಲಿ ಬಂತು. ಠಾಕುರ್ಲಿ ಬಂತು, ಹೋಯಿತು.

ಹತ್ತುವುದಕ್ಕೆ ನಾಲ್ಕು ವರ್ಷ ಹಿಡಿದವಳಿಗೆ ಇಳಿಯುವುದು ಎಲ್ಲಿ ನೆನಪಿರುತ್ತದೆ? ಕಲ್ಯಾಣದಲ್ಲಿ ಡಬ್ಬಿ ಪೂರ್ತಿ ಖಾಲಿಯಾದ ಮೇಲೆ, ಕಸ ಗುಡಿಸಲು ಬಂದವಳು ನನ್ನನ್ನು ಇಳಿಸಿದಳು.