ಬದಲಿ ಬಾಯಿ

ಕ್ಷಮಿಸಬೇಕು, ಕಥೆ ಬರೆದು ನನಗೆ ರೂಢಿಯಿಲ್ಲ. ಏನಾದರೂ ಬಿಟ್ಟುಹೋದೀತೆಂದು ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ಆಳಂದದ ಒಂದು ಕಚೇರಿಯಲ್ಲಿ (ಹೆಸರು ಬೇಡ) ಕೆಲಸ ಮುಗಿಯಿತೆಂಬುದು ಸಹಿಯಿಂದಲ್ಲ, ಪೇಡೆಯಿಂದ ಸಾಬೀತಾಗುತ್ತದೆ. ಅಂದರೆ, ಪಹಣಿಯಲ್ಲಿ ಹೆಸರು ತಿದ್ದಿಸಿಕೊಂಡವರು ಗುಮಾಸ್ತರ ಬಾಯಿಗೆ ಕೈಯಾರೆ ಪೇಡೆ ಇಡುತ್ತಾರೆ. ಗುಮಾಸ್ತರು ನುಂಗಿದರೆ ಕೆಲಸ ಆದಂತೆ. ಇದು ಲಂಚವಲ್ಲ. ಲಂಚ ಬೇರೆ, ಅದನ್ನು ಮೊದಲೇ ಕೊಟ್ಟಿರುತ್ತಾರೆ.

ಗುಮಾಸ್ತ ಖಂಡಪ್ಪನವರಿಗೆ ಮಧುಮೇಹ. ಪೇಡೆ ನುಂಗಿ ನುಂಗಿ ಸಕ್ಕರೆ ಏರಿತ್ತು. ಈ ತಿಂಗಳು ಇಳಿಯದಿದ್ದರೆ ಸೂಜಿ ಶುರು ಎಂದು ಡಾಕ್ಟರು ಹೇಳಿದ್ದರು. ಖಂಡಪ್ಪನವರು ಎಂಥ ತಕರಾರಿಗೂ ಹೆದರುವವರಲ್ಲ, ಸೂಜಿಗೆ ಮಾತ್ರ ಹೆದರುತ್ತಾರೆ. ಹೆಂಡತಿ ಶಿವಕಾಂತಾ ಸಜ್ಜಿ ರೊಟ್ಟಿ, ಮೆಂತೆ ಪಲ್ಯದ ಬುತ್ತಿ ಕಟ್ಟುತ್ತ, "ಮನ್ಯಾಗ ನಾ ಕಾಯ್ತೇನ್ರಿ, ಕಚೇರ್ಯಾಗ ನಿಮ್ ಬಾಯಿ ಯಾರು ಕಾಯ್ಬೇಕು?" ಎಂದಿದ್ದರು.

ಹೀಗಾಗಿ ಖಜೂರಿ ಊರಿನ ರೈತ ಗುರುಪಾದ ಪೇಡೆ ಎತ್ತಿದಾಗ ಖಂಡಪ್ಪನವರು ಬಾಯಿ ಬಿಗಿಹಿಡಿದರು.

"ಯಾಕ್ರಿ ಸಾಹೇಬ್ರ, ಕೆಲಸ ಆಗಿಲ್ಲೇನ್ರಿ?"

"ಆಗ್ಯಾದಪ್ಪ. ನನಗ ಶುಗರ್ ಅದ."

"ಶುಗರ್ ನಮ್ ಮಾವಗೂ ಅದರಿ. ಅಂವಾ ಪೇಡೆ ಬಿಟ್ಟು ಬ್ಯಾರೇನೂ ತಿನ್ನಂಗಿಲ್ಲ."

ಗುರುಪಾದ ಮರುದಿನ ಇನ್ನೂ ದೊಡ್ಡ ಡಬ್ಬಿ ತಂದ. ಖಂಡಪ್ಪನವರು ಪೇಡೆಗೆ ಬಗ್ಗುತ್ತಿಲ್ಲ, ದರ ಏರಿಸಿದ್ದಾರೆ ಎಂಬ ಸುದ್ದಿ ಬಸ್ ನಿಲ್ದಾಣದವರೆಗೂ ಹೋಯಿತು. ಮದೀನಾಬಿ ಎಂಬ ಮುದುಕಿಯಂತೂ ತಿದ್ದಿದ ಪಹಣಿಯನ್ನು ಮೇಜಿನ ಮೇಲೇ ಬಿಟ್ಟು, "ನೀವು ಬಾಯಿ ತೆರಿಯೋತನ ಈ ಹೊಲ ನಂದಲ್ಲರಿ" ಎಂದು ಅಂಗಳದಲ್ಲಿ ಕುಳಿತಳು.

ಮೇಲಧಿಕಾರಿ ಧರ್ಮರಾಜರು ಸಭೆ ಕರೆದರು. ಪೇಡೆಯನ್ನೇ ನಿಲ್ಲಿಸೋಣವೆಂದು ಖಂಡಪ್ಪನವರು ಅಂದಾಗ ಸಭೆ ದಂಗಾಯಿತು. ಡಬ್ಬಿಯಲ್ಲಿ ಉಳಿದದ್ದನ್ನು ಮಿಕ್ಕ ನೌಕರರು ಹಂಚಿಕೊಳ್ಳುವುದು ವಾಡಿಕೆ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಸಂಜೆಗೆ ಸುತ್ತೋಲೆ ಹೊರಟಿತು:

"ಮಧುಮೇಹವುಳ್ಳ ನೌಕರರ ಪರವಾಗಿ ಪೇಡೆ ಸ್ವೀಕರಿಸಲು ಆರೋಗ್ಯವಂತ ನೌಕರರೊಬ್ಬರನ್ನು ಬದಲಿ ಬಾಯಿಯಾಗಿ ನೇಮಿಸತಕ್ಕದ್ದು. ಬದಲಿ ಬಾಯಿ ಅಗಿಯುವಾಗ ಮೂಲ ನೌಕರರು ಎದುರಿಗೆ ಕುಳಿತು ತಲೆ ಆಡಿಸತಕ್ಕದ್ದು. ಉಗುಳು ನುಂಗಲು ಅಭ್ಯಂತರವಿಲ್ಲ."

ಸಣಕಲು ಸಂತೋಷಕುಮಾರ ಬದಲಿ ಬಾಯಿಯಾದ. ಮದೀನಾಬಿ ಅವನ ಬಾಯಿಗೆ ಪೇಡೆಯಿಟ್ಟು, ಖಂಡಪ್ಪನವರ ಗಂಟಲನ್ನೇ ನೋಡಿದಳು. ಅವರು ಉಗುಳು ನುಂಗಿದರು. ಅವಳು ನೆಮ್ಮದಿಯಿಂದ ಪಹಣಿ ಎತ್ತಿಕೊಂಡಳು.

ತಿಂಗಳ ಕೊನೆಗೆ ಖಂಡಪ್ಪನವರ ಸಕ್ಕರೆ ಇಳಿಯಿತು, ಸೂಜಿ ತಪ್ಪಿತು. ಶಿವಕಾಂತಾ ಕಚೇರಿಗೇ ಬಂದು, "ನಿನ್ ಹೊಟ್ಟಿ ತಣ್ಣಗಿರ್ಲಿ ತಮ್ಮಾ" ಎಂದು ಸಂತೋಷಕುಮಾರನಿಗೆ ಪೇಡೆ ತಿನ್ನಿಸಿದರು. ಅಷ್ಟರಲ್ಲಿ ಅವನಿಗೂ ಮಧುಮೇಹ ಬಂದಿತ್ತು. ಯಾರೂ ಗಾಬರಿಯಾಗಲಿಲ್ಲ, ಸುತ್ತೋಲೆಯಲ್ಲಿ ಅದಕ್ಕೂ ಅವಕಾಶವಿತ್ತು. ಅಫಜಲಪುರ, ಜೇವರ್ಗಿ ಕಚೇರಿಯವರೂ ಅದರ ಪ್ರತಿ ತರಿಸಿಕೊಂಡಿದ್ದಾರೆ. ಬದಲಿ ಬಾಯಿಗೆ ಸಕ್ಕರೆ ಬಂದರೆ ಅವರ ಪಕ್ಕದ ಮೇಜಿನವರು, ಅಂದರೆ ಎಡಗಡೆಯವರು, ಎಡ ಎಂದರೆ ಬಾಗಿಲಿನಿಂದ ನೋಡಿದಾಗ... ತಡೆಯಿರಿ, ಧರ್ಮರಾಜ ಸಾಹೇಬರು ನನ್ನನ್ನೇ ಕರೆಯುತ್ತಿದ್ದಾರೆ: "ಬಾಯಿ ತೊಳಕೊಂಡು ಲಗೂನ ಬಾರೋ, ಕಿಣ್ಣಿ ಸುಲ್ತಾನ ಊರಿನವ್ರು ಡಬ್ಬಿ ಹಿಡ್ಕೊಂಡು ಕಾಯಾಕತ್ತಾರ!"