ಅತ್ತೆಯ ಹೊಸಿಲು, ನನ್ನ ಮಾನಿಟರು

ಸೊಸೆಯ ಕೈಯಿಂದ ಬೀಗದ ಕೈ ಕಿತ್ತುಕೊಂಡ ಅತ್ತೆಯರನ್ನು ನೀವು ನೋಡಿರುತ್ತೀರಿ. ಸೌಟು ಕಿತ್ತುಕೊಂಡವರನ್ನೂ ನೋಡಿರುತ್ತೀರಿ. ಆದರೆ ಸೊಸೆಯ ಕಂಪ್ಯೂಟರಿನ ಮಾನಿಟರನ್ನೇ ಕಿತ್ತುಕೊಂಡ ಅತ್ತೆಯನ್ನು ನೋಡಿದ್ದೀರಾ? ಇಲ್ಲವಾದರೆ ಮದ್ದೂರಿಗೆ ಬನ್ನಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಲಗ್ನಪತ್ರಿಕೆ ಮಾಡುವವರ ಮನೆ ಯಾವುದೆಂದು ಕೇಳಿ. ತಿಂಡಿ ಮುಗಿಸಿಕೊಂಡೇ ಬನ್ನಿ, ಏಕೆಂದರೆ ಅತ್ತೆಯವರ ಸರದಿ ಮುಗಿಯುವವರೆಗೆ ನೀವು ಜಗಲಿಯ ಮೇಲೆ ಕೂತು ಕಾಯಬೇಕಾಗುತ್ತದೆ.

ನಾನು ಮನೆಯಲ್ಲೇ ಕೂತು ಮದುವೆ, ಗೃಹಪ್ರವೇಶ, ತಿಥಿ ಎಲ್ಲದರ ಕಾರ್ಡೂ ಮಾಡಿ ಮಂಡ್ಯದ ಪ್ರೆಸ್ಸಿಗೆ ಕಳಿಸುವವಳು. ಅಕ್ಷರ ದೊಡ್ಡದಾಗಿ ಕಾಣಲೆಂದು ಆಸೆಪಟ್ಟು ಅಗಲವಾದ ಮಾನಿಟರು ಕೊಂಡೆ. ಅದೇ ನನಗೆ ಮುಳುವಾಯಿತು.

ಕಥೆ ಶುರುವಾದದ್ದು ಅತ್ತೆಯ ಮಂಡಿಗಳಿಂದ. ನಮ್ಮ ಬೀದಿಯಲ್ಲಿ ಅತ್ತೆ ಬಿಡುತ್ತಿದ್ದ ರಂಗೋಲಿಗೆ ಸಮನಾದದ್ದು ಇರಲಿಲ್ಲ. ಹಬ್ಬದ ದಿನ ಆಚೆ ಬೀದಿಯ ಹೆಂಗಸರೂ ಬಂದು ನೋಡಿಕೊಂಡು ಹೋಗುತ್ತಿದ್ದರು. ಹೋದ ವರ್ಷ ಮಂಡಿ ಎರಡೂ ಕೈಕೊಟ್ಟವು. ಕುಕ್ಕರುಗಾಲಲ್ಲಿ ಕೂರಲೇಬಾರದು ಅಂದುಬಿಟ್ಟರು ಡಾಕ್ಟರು. ಬಾಗಿಲಿನ ಕೆಲಸ ನನ್ನ ಪಾಲಿಗೆ ಬಂತು. ನನ್ನ ಕೈಯಲ್ಲಿ ಸೊನ್ನೆಯೂ ದುಂಡಗೆ ಬರುವುದಿಲ್ಲ. ಅಂಗಡಿಯಿಂದ ರಂಗೋಲಿ ಸ್ಟಿಕ್ಕರ್ ತಂದು ಹೊಸಿಲ ಮುಂದೆ ಅಂಟಿಸಿ ಕೈ ತೊಳೆದುಕೊಂಡೆ. ಅತ್ತೆ ಅದನ್ನು ನೋಡಿದ ನೋಟವಿದೆಯಲ್ಲ, ಅದನ್ನು ವರ್ಣಿಸುವುದು ಬೇಡ.

ಇದೇ ಹೊತ್ತಿಗೆ ಭಾರತೀನಗರದಲ್ಲಿ ಅತ್ತೆಯ ತಮ್ಮ ತಾವು ನಡೆಸುತ್ತಿದ್ದ ಸೈಬರ್ ಸೆಂಟರಿನ ಬಾಗಿಲು ಹಾಕಿದರು. ಕಾಲೇಜು ಹುಡುಗರ ಜೇಬಲ್ಲೆಲ್ಲ ಮೊಬೈಲಿರುವಾಗ ಸೈಬರಿಗೆ ಯಾರು ಹೋಗುತ್ತಾರೆ? ಮಾನಿಟರುಗಳನ್ನು ಯಾರೋ ಕೊಂಡುಹೋದರಂತೆ. ಉಳಿದದ್ದು ಬರಿಯ ಪೆಟ್ಟಿಗೆಗಳು. ಗೌರಿ ಹಬ್ಬಕ್ಕೆ ಅಕ್ಕನಿಗೆ ಸೀರೆ, ಬಳೆ, ಬಾಗಿನದ ಜೊತೆಗೆ ಒಂದು ಕಂಪ್ಯೂಟರ್ ಪೆಟ್ಟಿಗೆ, ಕೀಬೋರ್ಡು, ಮೌಸು ತಂದು ಇಳಿಸಿಯೇಬಿಟ್ಟರು! ಲೋಕದಲ್ಲಿ ಯಾರ ತವರಿನವರಾದರೂ ಬಾಗಿನದ ಜೊತೆ ಇಂಥದ್ದು ಕೊಟ್ಟದ್ದುಂಟೇ?

"ಪರದೆ ಇಲ್ಲದೆ ಇದುನ್ನ ಏನ್ ಮಾಡೋದು ಮಾವ?" ಎಂದು ಕೇಳಿದೆ.

"ನಿಂದು ಐತಲ್ಲ ಕಣಮ್ಮಿ, ಅಷ್ಟಗಲ!" ಅಂದರು ಆ ಮಹಾನುಭಾವರು.

ನಮ್ಮ ಯಜಮಾನರು ಮಳವಳ್ಳಿಯ ಒಂದು ಶಾಲೆಯಲ್ಲಿ ಮೇಷ್ಟ್ರು. ಮಕ್ಕಳ ಜಗಳ ಬಿಡಿಸಿ ಸಾಕಾಗಿಯೋ ಏನೋ, ಮನೆಯಲ್ಲಿ ಜಗಳದ ವಾಸನೆ ಬಂದರೆ ಬೈಕು ಹತ್ತುತ್ತಾರೆ. ಅಂದೂ ಹತ್ತಿದರು. ಸಂಜೆ ಬರುವಾಗ ಒಂದು ವೈರು ತಂದರು. ಮಾನಿಟರಿನ ಬೆನ್ನಿಗೆ ಎರಡು ಕಡೆ ವೈರು ಸಿಕ್ಕಿಸಬಹುದಂತೆ. ಕೆಳಗೊಂದು ಗುಂಡಿ. ಒಮ್ಮೆ ಒತ್ತಿದರೆ ನನ್ನ ಕಂಪ್ಯೂಟರು, ಇನ್ನೊಮ್ಮೆ ಒತ್ತಿದರೆ ಅತ್ತೆಯದು. "ನೋಡಿ, ಎಷ್ಟು ಸುಲಭ," ಎಂದು ಬೀಗಿದರು. ಹೆತ್ತ ತಾಯಿಗೂ ಕಟ್ಟಿಕೊಂಡ ಹೆಂಡತಿಗೂ ನಡುವೆ ಒಂದು ಗುಂಡಿ ಇಟ್ಟು ಹೋಗಿ ಮಲಗಿದ ಗಂಡಸನ್ನು ನಾನು ಇವರೊಬ್ಬರನ್ನೇ ನೋಡಿದ್ದು.

ಅತ್ತೆಗೆ ಕಂಪ್ಯೂಟರ್ ಯಾಕೆ ಎಂದಿರಾ? ರಂಗೋಲಿ ಬಿಡುವುದಕ್ಕೆ! ಚಿತ್ರ ಬರೆಯುವುದನ್ನು ಅವರ ತಮ್ಮ ಹೇಳಿಕೊಟ್ಟು ಹೋಗಿದ್ದರು. ಮಾರನೆಯ ಬೆಳಿಗ್ಗೆ ಎದ್ದು ನೋಡುತ್ತೇನೆ, ಅತ್ತೆ ಸ್ನಾನ ಮಾಡಿ, ಹಣೆಗಿಟ್ಟುಕೊಂಡು, ನನ್ನ ಕುರ್ಚಿಯಲ್ಲಿ ಕೂತು ಚುಕ್ಕಿ ಇಡುತ್ತಿದ್ದಾರೆ. ನೆಲದ ಮೇಲೆ ಬಿಡುವ ಹಾಗೆಯೇ, ಸೂರ್ಯ ಹುಟ್ಟುವ ಮೊದಲೇ.

ಇರಲಿ, ಬೆಳಿಗ್ಗೆ ತಾನೇ ಅಂದುಕೊಂಡೆ. ತಿಂಡಿಯಾದ ಮೇಲೆ ಬಂದು ಗುಂಡಿ ಒತ್ತಲು ಹೋದರೆ ಅತ್ತೆ ಹೌಹಾರಿದರು. "ಲೇ ಅಮ್ಮಿ, ಬುಟ್ಟ ರಂಗೋಲೇನ ಬೆಳಬೆಳಿಗ್ಗೇನೇ ತುಳಿದಾರಾ?"

"ತುಳಿಯೋದಿಲ್ಲ ಅತ್ತೆ, ಅಳಿಸೋದೂ ಇಲ್ಲ. ಹಿಂದ್ಗಡೆ ಹಂಗೇ ಇರ್ತದೆ."

"ಕಾಣ್ದೆ ಇರೋ ರಂಗೋಲೆ ಯಾರ್ ಮನೆ ಬಾಗ್ಲಿಗಮ್ಮಿ?"

ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು. ಅವರು ಹುಟ್ಟಿ ಬೆಳೆದದ್ದು ನಮ್ಮ ಮದ್ದೂರು ತಾಲ್ಲೂಕಿನದೇ ಕೊಪ್ಪದ ಕಡೆ, ನಾಲೆ ನೀರನ್ನು ಗದ್ದೆಯಿಂದ ಗದ್ದೆಗೆ ಸರದಿಯಲ್ಲಿ ಬಿಟ್ಟುಕೊಳ್ಳುವ ಊರಲ್ಲಿ. ಅದೇ ಕಾನೂನು ನನ್ನ ಮೇಜಿಗೂ ಬಂತು. ಮಧ್ಯಾಹ್ನದವರೆಗೆ ಅವರ ಸರದಿ, ಆಮೇಲೆ ನನ್ನದು. ಅವರ ಸರದಿಯಲ್ಲಿ ಕರೆಂಟು ಹೋದರೆ ಅಷ್ಟು ಹೊತ್ತನ್ನು ನನ್ನ ಸರದಿಯಿಂದ ಮುರಿದುಕೊಳ್ಳುತ್ತಾರೆ. ನನ್ನ ಸರದಿಯಲ್ಲಿ ಹೋದರೆ? "ಅದುಕ್ಕೆ ನಾನೇನಮ್ಮಿ ಮಾಡ್ಲಿ, ಕರೆಂಟ್ನೋರ್ನ ಕೇಳು." ಮಾನಿಟರು ಯಾರದು ಸ್ವಾಮಿ? ನನ್ನದು!

ಒಂದೇ ಮೇಜಿನ ಮೇಲೆ ಎರಡು ಮೌಸು ಇದ್ದರೆ ಏನಾಗಬೇಕೋ ಅದೂ ಆಯಿತು. ಒಂದು ಸಂಜೆ ಕಾರ್ಡು ಮಾಡುತ್ತಾ ಹಾಲು ಉಕ್ಕೀತೆಂದು ಒಳಗೆ ಓಡಿದ್ದೆ. ಅತ್ತೆ ತಮ್ಮದೆಂದುಕೊಂಡು ನನ್ನ ಮೌಸು ಹಿಡಿದು ಎಳೆದಿದ್ದಾರೆ. ನಾನು ನೋಡದೆ ಕಳಿಸಿಬಿಟ್ಟೆ. ಪ್ರೆಸ್ಸಿನವರು ಫೋನು ಮಾಡಿ, "ಮೇಡಂ, ಮದ್ವೆ ಗಂಡು ಯಾಕೆ ಆಗಮನಾಭಿಲಾಷಿಗಳ ಸಾಲಲ್ಲಿ ನಿಂತವ್ನೆ?" ಎಂದು ಕೇಳಿದರು. ನೋಡಿದರೆ ನಿಜ. ಮದುಮಗಳ ಪಕ್ಕದ ಜಾಗ ಖಾಲಿ, ಮದುಮಗ ಸೋದರಮಾವಂದಿರ ಕೆಳಗೆ ನಿಂತು ಎಲ್ಲರನ್ನೂ ಮದುವೆಗೆ ಕರೆಯುತ್ತಿದ್ದಾನೆ! ಅತ್ತೆಗೆ ತೋರಿಸಿದರೆ, "ಕರುದ್ರೆ ತಪ್ಪೇನು, ಅವನ್ ಮದ್ವೆ ತಾನೆ?" ಅಂದರು.

ಇನ್ನೊಂದು ಮಾನಿಟರು ತರೋಣ ಎಂದು ಯಜಮಾನರು ಹೇಳಲಿಲ್ಲವೆಂದುಕೊಳ್ಳಬೇಡಿ. ಬಾಗಿಲ ಹತ್ತಿರ, ಬೈಕಿನ ಕೀ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು.

"ಯಾಕ್ಲಾ ಇನ್ನೊಂದು? ಒಂದ್ ಮನೆಗೆ ಎಷ್ಟ್ ಒಸ್ಲಿರ್ತದೆ?" ಎಂದರು ಅತ್ತೆ.

"ಒಂದೇ ಕಣವ್ವ."

"ಮತ್ತೆ? ಒಬ್ಳು ಇಲ್ಲಿ, ಒಬ್ಳು ಅಲ್ಲಿ ರಂಗೋಲೆ ಬುಟ್ರೆ ಅದು ಎರಡ್ ಮನೆ ಆಯ್ತದೆ. ನಾನ್ ಬದುಕಿರೋಗಂಟ ಈ ಮನೆ ಒಡಿಯಾಕಿಲ್ಲ."

ಮಾನಿಟರಿನ ಮಾತು ಮನೆ ಒಡೆಯುವ ಮಾತಾಗಿ, ಮನೆಮುರುಕಿಯ ಪಟ್ಟ ಯಾರಿಗೆ ಬಂತು ಹೇಳಿ? ನನಗೆ. ದುಡಿಯುವವಳಿಗೆ!

ಸಂಕ್ರಾಂತಿ ಬಂತು. ಧನುರ್ಮಾಸ ಮುಗಿದು ಮದುವೆಗಳು ಶುರುವಾಗುವ ಕಾಲ. ನನ್ನ ತಲೆಯ ಮೇಲೆ ಕಾರ್ಡಿನ ರಾಶಿ. ಮಂಡ್ಯದ ಪ್ರೆಸ್ಸಿಗೆ ಬೆಳಿಗ್ಗೆಯೇ ಒಂದು ಕಾರ್ಡು ಹೋಗದಿದ್ದರೆ ಆ ಗಿರಾಕಿ ಮತ್ತೆ ನನ್ನ ಬಾಗಿಲಿಗೆ ಬರುತ್ತಿರಲಿಲ್ಲ. ಹಬ್ಬದ ದಿನವಾದರೂ ಸರದಿ ಬಿಟ್ಟುಕೊಡಿ ಎಂದು ಜಗಳವಾಡಲು ತಯಾರಾಗಿಯೇ ಕತ್ತಲಲ್ಲಿ ಎದ್ದೆ. ಯಾವ ಮಾತಿಗೆ ಯಾವ ಮಾತು ಎಂದು ಮುಖ ತೊಳೆಯುವಾಗಲೇ ಲೆಕ್ಕ ಹಾಕಿಕೊಂಡಿದ್ದೆ.

ಬೀದಿಯ ಹೆಂಗಸರೆಲ್ಲ ಆಗಲೇ ನೀರು ಚಿಮುಕಿಸಿ ರಂಗೋಲಿಗೆ ಕೂತಿದ್ದರು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಎದುರು ಮನೆಯಾಕೆ ತಲೆಯೆತ್ತಿ ನಮ್ಮ ಹೊಸಿಲ ಕಡೆ ನೋಡಿದಳು. "ಇದೇನ್ ದೊಡ್ಡಮ್ಮ, ಅಬ್ಬದ್ ದಿನಾನೂ ಸ್ಟಿಕ್ಕರ್ರಾ?"

ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಬಂದರು. ಮಾನಿಟರಿನ ಕಡೆ ತಿರುಗಿಯೂ ನೋಡದೆ, "ಇವತ್ತು ನೀನೇ ಇಟ್ಕೊ ಕಣಮ್ಮಿ. ನಿಂಗೆ ಕೆಲ್ಸ ಐತೆ," ಅಂದರು. ಹೋಗಿ ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗಿದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ದಿನ ಒಂದು ಗಳಿಗೆ ಬಿಟ್ಟುಕೊಡದವರು ಇವತ್ತು ಬಿಟ್ಟುಕೊಟ್ಟರೆ ಹೇಗೆ? ನಾನು ಕಟ್ಟಿಕೊಂಡು ಬಂದ ಜಗಳವನ್ನು ಯಾರ ಜೊತೆ ಆಡಲಿ? ಎದುರು ಮನೆಯವಳ ಮೇಲೆ ಸಿಟ್ಟು, ಸ್ಟಿಕ್ಕರಿನ ಮೇಲೆ ಸಿಟ್ಟು, ಆ ಎರಡು ಮಂಡಿಗಳ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಗುಂಡಿ ಒತ್ತಿದೆ. ಅತ್ತೆ ಹಬ್ಬಕ್ಕೆಂದು ಹಿಂದಿನ ದಿನವೇ ಬರೆದಿಟ್ಟಿದ್ದ ರಂಗೋಲಿ ಕಾಣಿಸಿತು. ನಡುವೆ ಮಡಕೆ, ಉಕ್ಕುವ ಪೊಂಗಲು, ಎರಡೂ ಕಡೆ ಕಬ್ಬಿನ ಜಲ್ಲೆ, ಸುತ್ತ ಎಳೆ.

ಸ್ಟಿಕ್ಕರನ್ನು ಕಿತ್ತು ಬಿಸಾಡಿದೆ. ಯಜಮಾನರನ್ನು ಎಬ್ಬಿಸಿ, ಅವರ ತಾಯಿಯ ಪೆಟ್ಟಿಗೆಯನ್ನು ಬಾಗಿಲ ಬಳಿಗೆ ಹೊರಿಸಿದೆ. ಮಾನಿಟರಿನ ಕಾಲು ಬಿಚ್ಚಿ, ಹೊಸಿಲ ಮುಂದೆ ಒಂದು ಮಣೆ ಇಟ್ಟು, ಅದರ ಮೇಲೆ ಆಕಾಶಕ್ಕೆ ಮುಖ ಮಾಡಿ ಮಲಗಿಸಿದೆ. ವೈರು ಸಿಕ್ಕಿಸಿ ಸ್ವಿಚ್ಚು ಹಾಕಿದಾಗ ಆ ಕತ್ತಲಲ್ಲಿ ನಮ್ಮ ಬಾಗಿಲು ಬೆಳಗಿತು. ನನ್ನ ಕಾರ್ಡು ನನ್ನ ಪೆಟ್ಟಿಗೆಯಲ್ಲೇ ಉಳಿಯಿತು. ಗಿರಾಕಿ ಹೋದರೆ ಹೋಗಲಿ.

ಅತ್ತೆಯನ್ನು ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಅವರು ನೋಡಿದರು. ಸೆರಗು ಬಾಯಿಗೆ ಹಿಡಿದುಕೊಂಡರು. ನಾನು ಕುಕ್ಕರುಗಾಲಲ್ಲಿ ಕೂತು ಮಾನಿಟರಿನ ಸುತ್ತ ಬಿಳಿ ಪುಡಿಯಲ್ಲಿ ಒಂದು ಎಳೆ ಎಳೆದೆ. ಮೂಲೆಯಲ್ಲಿ ಅದು ಸೊಟ್ಟಗಾಯಿತು. ಅಳಿಸಲು ಹೋದೆ.

"ಇರ್ಲಿ ಬುಡು," ಅಂದರು ಅತ್ತೆ.

ಎದುರು ಮನೆಯಾಕೆ ಬಟ್ಟಲು ಹಿಡಿದುಕೊಂಡೇ ಓಡಿಬಂದಳು. ಅವಳ ಹಿಂದೆ ಅರ್ಧ ಬೀದಿ. "ಅಯ್ಯೋ, ಎಷ್ಟ್ ಚೆಂದಾಗೈತೆ! ಯಾರ್ ಬುಟ್ಟಿದ್ದು ದೊಡ್ಡಮ್ಮ?"

ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟರು.

"ನಾವಿಬ್ರೂವೆ ಕಣಮ್ಮ," ಅಂದರು.