ಟೈಗರ್‌ನ ಸನ್ನಡತೆ

ನಾನು ಮೆಂತ್ಯಪಲ್ಯ ಸೋಸುತ್ತ, ಸೊಪ್ಪಿನ ಎಲೆ ಬಿಡಿಸುತ್ತ ಕೂತಿದ್ದೆ. ನನ್ನ ಬಾಳಿನಲ್ಲಿ ಬಂದ ಸುದ್ದಿಗಳೆಲ್ಲ ಹೀಗೆ ಕೈ ತುಂಬ ಕೆಲಸವಿದ್ದಾಗಲೇ ಬಂದಿವೆ. ಮದುವೆ ನಿಶ್ಚಯವಾದ ಸುದ್ದಿ ಬಂದಾಗ ವಿಜಯಪುರದ ನಮ್ಮ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದೆ. ಗಂಡು ಮುಂಬೈಯಲ್ಲಿದ್ದಾನೆ ಎಂದು ಕೇಳಿದ ಬೆರಗಿನಲ್ಲಿ ಕಾಗೆ ಬಂದು ಹಪ್ಪಳ ಎತ್ತಿಕೊಂಡು ಹೋದದ್ದೇ ತಿಳಿಯಲಿಲ್ಲ. ಸುಮ್ಮನೆ ಕೂತಾಗ ಬಂದ ಸುದ್ದಿ ನೇರ ಎದೆಗೆ ಬಡಿಯುತ್ತದೆ. ಕೈಯಲ್ಲಿ ಕೆಲಸವಿದ್ದರೆ ಅರ್ಧ ಭಾರ ಕೈಗೆ ಇಳಿಯುತ್ತದೆ. ಇದೂ ದೇವರ ಒಂದು ಸಣ್ಣ ಕರುಣೆಯೇ. ನಲ್ಲಿಯ ನೀರು ಹೊತ್ತಿಗಿಂತ ಸ್ವಲ್ಪ ಹೆಚ್ಚು ಬಂದದ್ದು, ಲೋಕಲ್ ರೈಲಿನಲ್ಲಿ ಕುರ್ಲಾ ಬರುವ ಮೊದಲೇ ಕೂರಲು ಜಾಗ ಸಿಕ್ಕಿದ್ದು, ಕೆಟ್ಟ ಸುದ್ದಿ ಬರುವಾಗ ಮುಂದೆ ಒಂದು ಕಂತೆ ಮೆಂತ್ಯವಿದ್ದದ್ದು, ಎಲ್ಲವನ್ನೂ ನಾನು ಒಂದೇ ಸಾಲಿನಲ್ಲಿ ನೆನೆದು ಸಂಜೆ ದೀಪ ಹಚ್ಚುವಾಗ ಕೈ ಮುಗಿಯುವವಳು.

ಸುದ್ದಿ ತಂದವರು ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಮೆಹ್ತಾ. ಚೆಂಬೂರಿನ ಈ ಸೊಸೈಟಿಯಲ್ಲಿ ಅವರು ನನ್ನನ್ನು ‘ಭಾಭೀಜಿ’ ಎಂದು ಕರೆಯುವುದು ಎರಡೇ ಸಂದರ್ಭಗಳಲ್ಲಿ: ಗಣಪತಿಯ ವರ್ಗಣಿ ಹಣ ಕೇಳುವಾಗ ಮತ್ತು ಕೆಟ್ಟ ಸುದ್ದಿ ಹೇಳುವಾಗ. ಗಣಪತಿ ಹಬ್ಬ ಇನ್ನೂ ದೂರವಿತ್ತು. ‘ಭಾಭೀಜಿ, ಆಪ್ ಕಾ ಟೈಗರ್ ಲಿಸ್ಟ್ ಮೇ ಹೈ’ ಎಂದರು. ನಮ್ಮ ನಾಯಿಯ ಹೆಸರು ಯಾವುದೋ ಬಹುಮಾನದ ಪಟ್ಟಿಯಲ್ಲಿ ಬಂದಿರಬೇಕೆಂದು ತಿಳಿದು ನಾನು ಸಂತೋಷದಿಂದ ನಕ್ಕು, ‘ಬೈಠಿಯೇ, ಚಾಯ್ ಪೀಜಿಯೇ’ ಎಂದೆ. ಮೆಹ್ತಾ ಕೂರಲಿಲ್ಲ.

ಕೆಲವು ತಳಿಯ ನಾಯಿಗಳು ಅಪಾಯಕಾರಿ ಎಂದು ಸರ್ಕಾರದವರು ಒಂದು ಪಟ್ಟಿ ಮಾಡಿದ್ದರಂತೆ. ಅದು ಕೋರ್ಟಿಗೆ ಹೋಯಿತಂತೆ, ಅಲ್ಲಿಂದ ತಿರುಗಿ ಬಂತೋ ಅಲ್ಲೇ ಉಳಿಯಿತೋ ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. ಮೆಹ್ತಾ ಅವರಿಗೆ ಮಾತ್ರ ಗೊತ್ತು. ಆ ಪಟ್ಟಿಯಲ್ಲಿ ರಾಟ್‌ವೀಲರ್ ಎಂಬ ತಳಿಯೂ ಇದೆ, ನಮ್ಮ ಟೈಗರ್ ರಾಟ್‌ವೀಲರ್, ಆದ್ದರಿಂದ ಪಶುವೈದ್ಯರು ಮನೆಗೆ ಬಂದು ಅವನ ನಡತೆ ನೋಡಿ ಒಪ್ಪಬೇಕು, ಒಪ್ಪಿದರೆ ಲೈಸೆನ್ಸ್, ಇಲ್ಲವಾದರೆ ತಿಂಗಳ ಕೊನೆಯೊಳಗೆ ಅವನು ಬಿಲ್ಡಿಂಗ್ ಬಿಡಬೇಕು. ಸೊಸೈಟಿಯ ಸಭೆಯಲ್ಲಿ ಹಾಗೆಂದು ಗೊತ್ತುವಳಿ ಆಗಿದೆ. ಬಿಟ್ಟು ಎಲ್ಲಿಗೆ ಹೋಗಬೇಕು ಎಂದು ಕೇಳಿದೆ. ಕರ್ಜತ್‌ನ ಆಚೆ ಇಂಥ ನಾಯಿಗಳನ್ನು ಇಟ್ಟುಕೊಳ್ಳುವ ಒಂದು ಶೆಡ್ ಇದೆಯಂತೆ. ‘ಬಹುತ್ ಅಚ್ಛೀ ಜಗಹ್ ಹೈ, ಖುಲೀ ಹವಾ ಹೈ’ ಒಳ್ಳೆಯ ಜಾಗ, ಬಯಲುಗಾಳಿ ಎಂದು ಮೆಹ್ತಾ ತಾವೇ ಅಲ್ಲಿ ಹೋಗಿ ಇದ್ದು ಬಂದವರಂತೆ ಹೇಳಿದರು. ಅವರು ಹೋದ ಮೇಲೆ ನೋಡಿದರೆ ನಾನು ಮೆಂತ್ಯದ ಎಲೆಯನ್ನೆಲ್ಲ ಕಸಕ್ಕೆ ಹಾಕಿ ದಂಟನ್ನು ಬುಟ್ಟಿಯಲ್ಲಿ ಇಟ್ಟುಕೊಂಡಿದ್ದೆ.

ಟೈಗರ್ ಎಂದು ಹೆಸರಿಟ್ಟವರು ನಾವಲ್ಲ. ಸಾಂತಾಕ್ರೂಜ್‌ನಲ್ಲಿದ್ದ ನನ್ನ ನಾದಿನಿ ಅವನನ್ನು ಸಾಕಿದ್ದಳು. ಅವಳ ಗಂಡನಿಗೆ ಗುವಾಹಟಿಗೆ ವರ್ಗವಾದಾಗ, ‘ವೈನೀ, ಎರಡ ತಿಂಗಳ ಇಟ್ಗೋರಿ, ಮನಿ ಸಿಕ್ಕ ಕೂಡಲೇ ಕರಕೊಂಡ ಹೋಗತೀನಿ’ ಎಂದು ಬಿಟ್ಟು ಹೋದಳು. ಅವಳಿಗೆ ಅಲ್ಲಿ ಮನೆ ಸಿಕ್ಕಿತು, ಎರಡನೆಯ ಮಗುವೂ ಆಯಿತು, ಟೈಗರ್ ನಮ್ಮಲ್ಲೇ ಉಳಿದ. ನಮ್ಮ ಮನೆದೇವರು ಮೈಲಾರಲಿಂಗ. ನಾಯಿ ಆ ದೇವರ ಜೊತೆಗಾರ. ನಮ್ಮ ದೇವರ ಜಗಲಿಯ ಪಟದಲ್ಲಿ ದೇವರ ಕುದುರೆಯ ಕಾಲ ಬಳಿ ಒಂದು ಕರಿ ನಾಯಿ ನಿಂತಿದೆ. ದಿನಾ ಅದಕ್ಕೂ ಸೇರಿಸಿ ಕೈ ಮುಗಿಯುತ್ತಿದ್ದವಳು ನಾನು. ಆದರೆ ಪಟದಲ್ಲಿ ನಿಂತ ನಾಯಿಗೆ ಕೈ ಮುಗಿಯುವುದು ಬೇರೆ, ಸೋಫಾದ ಮೇಲೆ ಉದ್ದಕ್ಕೆ ಮಲಗಿದ ನಾಯಿಯನ್ನು ಎಬ್ಬಿಸಿ ಕೂರುವುದು ಬೇರೆ. ಮೊದಲ ವಾರ ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡೇ ಒಗ್ಗರಣೆ ಹಾಕುತ್ತಿದ್ದೆ. ಅವನು ಹೊರಗೆ ಕೂತು, ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ಅಳುತ್ತಿದ್ದ. ಎಮ್ಮೆಕರುವಿನಂಥ ಮೈ ಇಟ್ಟುಕೊಂಡು ಸೀಟಿಗೆ ಅಳುವವನನ್ನು ಎಷ್ಟು ದಿನ ಹೊರಗಿಡುವುದು? ಬಾಗಿಲು ತೆಗೆದೆ. ಅಂದಿನಿಂದ ಅವನ ತಲೆ ನನ್ನ ಸೆರಗಿನ ಕೆಳಗೇ ಇದೆ.

ಅವನ ಶೌರ್ಯದ ಬಗ್ಗೆ ಇನ್ನೂ ಹೇಳಬೇಕೆಂದರೆ, ಪಾರಿವಾಳ ಬಾಲ್ಕನಿಗೆ ಬಂದರೆ ಅವನು ಒಳಗೆ ಬರುತ್ತಾನೆ. ಬಂದವರೆಲ್ಲ ಇಂಗ್ಲಿಷಿನಲ್ಲಿ ‘ಸಿಟ್’ ಎಂದರೆ ಯಾರಿಗೋ ಹೇಳಿದ್ದು ಎಂಬಂತೆ ಹಿಂದೆ ತಿರುಗಿ ನೋಡುತ್ತಾನೆ. ನಾನು ‘ಕುಂಡ್ರು’ ಎಂದರೆ ಇದ್ದಲ್ಲೇ ಕೂರುತ್ತಾನೆ. ನಮ್ಮವರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಮಗಳು ಪಲ್ಲವಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟು, ಇಂಗ್ಲಿಷಿನಲ್ಲಿ ಸಿಟ್ಟು ಮಾಡಿಕೊಂಡು ಕಾಲೇಜಿಗೆ ಹೋಗುತ್ತಾಳೆ. ಹಗಲೆಲ್ಲ ನನ್ನ ವಿಜಯಪುರದ ಕನ್ನಡವನ್ನು ಪೂರ್ತಿ, ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳುವವನು ಈ ಬಿಲ್ಡಿಂಗಿನಲ್ಲಿ ಟೈಗರ್ ಒಬ್ಬನೇ. ಅವನನ್ನು ಕರ್ಜತ್‌ನ ಖುಲೀ ಹವಾಕ್ಕೆ ಕಳಿಸಿದರೆ ಅಲ್ಲಿ ಅವನಿಗೆ ‘ಕುಂಡ್ರು’ ಎನ್ನುವವರು ಯಾರು? ಇಲ್ಲಿ ನಾನು ಅನ್ನುವುದು ಯಾರಿಗೆ?

ನನ್ನ ಹೊಟ್ಟೆಯುರಿಯ ಇನ್ನೊಂದು ಕಾರಣ ಮೆಹ್ತಾ ಅವರ ಮನೆಯ ಸ್ವೀಟಿ. ಅದು ಬಿಳಿ ಪೊಮೆರೇನಿಯನ್, ಹತ್ತಿಯ ಉಂಡೆಯಂತಿದೆ. ಹಾಲಿನವನು, ಕೊರಿಯರ್‌ನವನು, ಲಿಫ್ಟ್ ರಿಪೇರಿಯವನು, ಕೊನೆಗೆ ನಮ್ಮ ಯಜಮಾನರು, ಎಲ್ಲರ ಕಾಲಿನಲ್ಲೂ ಅದರ ಹಲ್ಲಿನ ಗುರುತಿದೆ. ಪಟ್ಟಿಯಲ್ಲಿ ಅದರ ಹೆಸರಿಲ್ಲ. ಅದಕ್ಕೆ ಲಸಿಕೆ ಹಾಕಿಸಿ ಲೈಸೆನ್ಸ್ ಮಾಡಿಸಿದರೆ ಮುಗಿಯಿತು, ನಡತೆ ನೋಡಲು ಯಾರೂ ಬರುವುದಿಲ್ಲ. ಅಂದರೆ ಕಚ್ಚುವುದಕ್ಕೂ ಲೈಸೆನ್ಸಿಗೂ ಸಂಬಂಧವಿಲ್ಲ, ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎನ್ನುವುದಷ್ಟೇ ಮುಖ್ಯ. ಮನುಷ್ಯರು ತಮ್ಮೊಳಗೆ ಇದನ್ನು ಮಾಡಿಕೊಂಡು ಸಾಲದೆ ನಾಯಿಗಳಿಗೂ ಹಂಚಿದರಲ್ಲ ಎಂದು ನನಗೆ ಬೇಸರವಾಯಿತು. ಸಂಜೆ ನಮ್ಮವರ ಮುಂದೆ ಇದನ್ನೇ ಹೇಳಿದೆ. ಅವರು ಕಾಲುಚೀಲ ಬಿಚ್ಚುತ್ತ, ‘ಅದೆಲ್ಲಾ ಖರೇನ. ಆದರ ಈಗ ನಿನ್ನ ಕೂಸಿಂದ ಪರೀಕ್ಷಾ ಬಂತು, ಓದಸು’ ಎಂದರು. ಪಲ್ಲವಿ ಮೊಬೈಲಿನಿಂದ ತಲೆ ಎತ್ತದೆ, ‘ಅವ್ವಾ, ಟೆನ್ಶನ್ ಮತ್ ಲೇ. ಅವನು ತೋ ಎಕ್‌ದಮ್ ಡರ್‌ಪೋಕ್ ಇದ್ದಾನೆ, ಡಾಕ್ಟರ್‌ಗೆ ದಿಖ್ ಜಾಯೇಗಾ’ ಅವನು ಪುಕ್ಕಲ, ಅದು ಡಾಕ್ಟರಿಗೇ ಕಾಣುತ್ತದೆ ಎಂದು ಧೈರ್ಯ ಹೇಳಿದಳು.

ಆದರೂ ಹೆತ್ತವಳಿಗಿಂತ ಸಾಕಿದವಳಿಗೆ ಭಯ ಹೆಚ್ಚು. ಮೈಲಾರಲಿಂಗನಿಗೆ ಹರಕೆ ಹೊತ್ತೆ. ಪಶುವೈದ್ಯರು ಬರುವ ದಿನ ಟೈಗರ್‌ಗೆ ಬೆಳಿಗ್ಗೆಯೇ ಎಣ್ಣೆ ಹಚ್ಚಿ ನೀರು ಹಾಕಿದೆ. ನಮ್ಮವರು ರಜೆ ಹಾಕಿ, ಡಾಕ್ಟರ ಮುಂದೆ ಮನೆತನದವರಂತೆ ಕಾಣಲಿ ಎಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ನಮ್ಮಲ್ಲಿ ಯಾವುದೇ ಒಳ್ಳೆಯ ಕೆಲಸಕ್ಕೆ ಹೊರಟವರ ಹಣೆಗೆ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಹಚ್ಚಿ ಕಳಿಸುತ್ತಾರೆ. ಪರೀಕ್ಷೆಗೆ ಹೋಗುವ ಮಕ್ಕಳಿಗೆ ಒಂದು ಚಿಟಿಕೆ ಸಾಕು. ಟೈಗರ್‌ನ ಹಣೆ ದೊಡ್ಡದು, ಕಷ್ಟವೂ ದೊಡ್ಡದು, ಅದಕ್ಕೆ ನಾನು ಒಂದು ಹಿಡಿ ತುಂಬಿ ‘ಏಳುಕೋಟಿ ಏಳುಕೋಟಿ’ ಎಂದು ದೇವರನ್ನು ಕೂಗುತ್ತ ಅವನ ತಲೆಯಿಂದ ಬಾಲದವರೆಗೆ ಭಕ್ತಿಯಿಂದ ಚೆಲ್ಲಿದೆ. ಅವನ ಮೈ ಇನ್ನೂ ಹಸಿಯಾಗಿತ್ತು ಎಂಬುದು ಭಕ್ತಿಯಲ್ಲಿ ನೆನಪಾಗಲಿಲ್ಲ. ಪುಡಿ ಕೂದಲಿಗೆ ಅಂಟಿತು, ಅಂಟಿ ಹರಡಿತು, ಅವನಿಗೆ ಸೀನು ಬಂತು. ಸೀನಿದವನು ಮೈ ಕೊಡವಿದ. ಗೋಡೆ, ಪರದೆ, ಫ್ರಿಜ್ಜು, ನಮ್ಮವರ ಬಿಳಿ ಅಂಗಿ, ಎಲ್ಲವೂ ದೇವರಿಗೆ ಸಲ್ಲಿದವು. ಕರಿ ನಾಯಿ ಹೋಗಿ ಬಂಗಾರದ ನಾಯಿ ನಿಂತಿತು. ನಮ್ಮವರು ಅಂಗಿಯ ಕಡೆ ನೋಡಿಕೊಂಡು, ‘ಆತಲಾ, ಈಗ ನಾವಿಬ್ಬರೂ ಪರೀಕ್ಷಾಕ್ಕ ಕುಂಡ್ರತೀವಿ’ ಎನ್ನುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ಪಶುವೈದ್ಯರು ಎಂದರೆ ದೊಡ್ಡ ಮೀಸೆಯ ಗಂಡಸು ಬರುತ್ತಾರೆಂದು ನಾನು ತಿಳಿದಿದ್ದೆ. ಬಂದವಳು ಪಲ್ಲವಿಗಿಂತ ಸ್ವಲ್ಪ ದೊಡ್ಡವಳಾದ, ಬೆನ್ನಿಗೆ ಚೀಲ ಹಾಕಿಕೊಂಡ ಮರಾಠಿ ಹುಡುಗಿ. ಹಿಂದೆ ಮೆಹ್ತಾ. ಡಾಕ್ಟರಮ್ಮ ಟೈಗರ್‌ನನ್ನು ನೋಡಿದರು, ನನ್ನನ್ನು ನೋಡಿದರು, ನಮ್ಮವರ ಅಂಗಿಯನ್ನೂ ನೋಡಿದರು, ಕೆಲಸ ಶುರು ಮಾಡಿದರು. ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬಡಿದರು. ಟೈಗರ್ ಹೋಗಿ ದೇವರ ಜಗಲಿಯ ಕೆಳಗೆ ತಲೆ ತೂರಿಸಿದ. ಸಮಾಧಾನ ಮಾಡಿ ಹೊರಗೆ ಕರೆದು, ಅವನು ರೊಟ್ಟಿ ತಿನ್ನುವಾಗ ಬಟ್ಟಲಿಗೆ ಕೈ ಹಾಕಿದರು. ಅವರಿಗೂ ಹಸಿವಾಗಿದೆ ಎಂದುಕೊಂಡನೋ ಏನೋ, ಮೂಗಿನಿಂದ ಬಟ್ಟಲನ್ನು ಅವರ ಕಡೆಗೇ ತಳ್ಳಿದ. ‘ಸಿಟ್’ ಎಂದರು, ಅವನು ಹಿಂದೆ ತಿರುಗಿ ಮೆಹ್ತಾ ಅವರನ್ನು ನೋಡಿದ. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಡಾಕ್ಟರಮ್ಮ ಪೆನ್ನು ತೆಗೆದು, ನಾಯಿಯ ಬಣ್ಣ ಏನು ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮೆಹ್ತಾ ಮುಂದೆ ಬಂದು, ‘ದೇಖಿಯೇ ಮ್ಯಾಡಮ್, ರಂಗ್ ಲಗಾಯಾ ಹೈ. ಬ್ರೀಡ್ ಛುಪಾನೇ ಕೇ ಲಿಯೇ. ಯೇ ಚೀಟಿಂಗ್ ಹೈ’ ಎಂದರು. ತಳಿ ಮುಚ್ಚಿಡಲು ನಾವು ನಾಯಿಗೆ ಬಣ್ಣ ಹಚ್ಚಿದ್ದೇವಂತೆ.

ನಾನು ದೇವರಿಗೆ ಹೆದರಿ ನಡೆಯುವ ಹೆಂಗಸು. ತರಕಾರಿಯವನು ಚಿಲ್ಲರೆ ಹೆಚ್ಚಿಗೆ ಕೊಟ್ಟರೆ ಮೆಟ್ಟಿಲಿಳಿದು ಹೋಗಿ ಕೊಟ್ಟು ಬರುವವಳು. ಕಳ್ಳಿ ಎಂದಿದ್ದರೂ ಸಹಿಸುತ್ತಿದ್ದೆನೋ ಏನೋ, ದೇವರ ಭಂಡಾರವನ್ನು ಮೋಸದ ಬಣ್ಣ ಎಂದದ್ದು ಸಹಿಸಲಾಗಲಿಲ್ಲ. ‘ಮೆಹ್ತಾ ಸಾಬ್, ಯೇ ರಂಗ್ ನಹೀ ಹೈ, ಭಗವಾನ್ ಕಾ ಭಂಡಾರ ಹೈ’ ಎಂದು ಶುರು ಮಾಡಿದೆ. ನನ್ನ ಹಿಂದಿ ಬದನೆಕಾಯಿ ಚೌಕಾಸಿಗೆ ಸಾಕಾಗುವಷ್ಟಿದೆ, ಮಾನದ ಪ್ರಶ್ನೆಗೆ ಸಾಲದು. ಅದು ಅಲ್ಲಿಗೇ ಮುಗಿಯಿತು. ಮುಂದಿನದು ತಾನಾಗಿ ವಿಜಯಪುರದಿಂದ ಬಂತು. ‘ಈ ಮನ್ಯಾಗ ಮೋಸಾ ಮಾಡೋರು ಯಾರೂ ಇಲ್ಲ ತಿಳೀತಿಲ್ಲೋ. ನಿಮ್ಮ ಸ್ವೀಟಿ ಹಾಲಿನವನ ಕಾಲ ಹರದಾಗ ಯಾವ ಪಟ್ಟಿ ತಗದಿದ್ರಿ? ನಮ್ಮನಿಯವರ ಮೀನಗಂಡಕ್ಕ ಬಾಯಿ ಹಾಕಿದಾಗ ಯಾವ ಡಾಕ್ಟರನ ಕರಸಿದ್ರಿ? ಬಾಯಿಲ್ಲದ ಜೀವದ ಕುಲಾ ಕೇಳಾಕ ಬಂದೀರಿ, ನಾಚಿಕಿ ಬರೂದಿಲ್ಲ? ಮದಲ ಎಲ್ಲಾರೂ ಸುಮ್ಮ ಕುಂಡ್ರಿ.’

ಟೈಗರ್ ಕೂತ. ಅವನ ಪಕ್ಕದಲ್ಲಿ ನಮ್ಮವರು ಕೂತರು. ಕನ್ನಡದ ಒಂದಕ್ಷರ ಬಾರದ ಮೆಹ್ತಾ ಎರಡು ಹೆಜ್ಜೆ ಹಿಂದೆ ಸರಿದು ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತರು. ಡಾಕ್ಟರಮ್ಮ ನಿಂತೇ ಇದ್ದರು, ಆದರೆ ಅವರೂ ಒಮ್ಮೆ ಕುರ್ಚಿಯ ಕಡೆ ನೋಡಿದ್ದನ್ನು ನಾನು ಕಂಡೆ. ಆಗ ನನಗೆ ಅರಿವಾಯಿತು. ನಾಯಿಗೆ ಸಿಟ್ಟು ಬರುತ್ತದೋ ಇಲ್ಲವೋ ನೋಡಲು ಬಂದವರ ಮುಂದೆ ನಾನೇ ಹಲ್ಲು ತೋರಿಸಿದ್ದೆ. ಇಂಥ ಮನೆಯ ನಾಯಿ ಇನ್ನೆಂಥದಿರಬೇಕು ಎಂದು ಬರೆದುಬಿಟ್ಟರೆ ಮುಗಿಯಿತು, ಕರ್ಜತ್ತೇ ಗತಿ. ಕಣ್ಣಲ್ಲಿ ನೀರು ಬಂತು. ಟೈಗರ್ ಎದ್ದು ಬಂದು ನನ್ನ ಸೆರಗಿನ ಕೆಳಗೆ ತಲೆ ಇಟ್ಟು ನಿಂತ.

ಡಾಕ್ಟರಮ್ಮ ಬಗ್ಗಿ ಅವನ ಬೆನ್ನು ಸವರಿ, ಬೆರಳಿಗೆ ಹತ್ತಿದ ಭಂಡಾರವನ್ನು ನೋಡಿ, ಅದನ್ನು ತಮ್ಮ ಹಣೆಗೆ ಹಚ್ಚಿಕೊಂಡರು. ‘ಆಮಚ್ಯಾಕಡೇ ಖಂಡೋಬಾ’ ಎಂದರು. ನಮ್ಮ ಮೈಲಾರಲಿಂಗನೇ ಅವರಿಗೆ ಖಂಡೋಬಾ. ಆದರೆ ಕೆಲಸ ಬೇರೆ, ದೇವರು ಬೇರೆ ಎನ್ನುವ ಹುಡುಗಿ ಅವರು. ಬಣ್ಣದ ಜಾಗವನ್ನು ಖಾಲಿ ಬಿಟ್ಟು, ತೊಳೆದ ಮೇಲೆ ಒಂದು ಫೋಟೋ ಕಳಿಸಬೇಕು ಎಂದರು. ಕೆಳಗೆ ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದರು: ‘ಕುತ್ರಾ ಶಾಂತ ಆಹೇ.’ ನಾಯಿ ಶಾಂತವಾಗಿದೆ. ನಾಯಿ ಎಂಬಲ್ಲಿ ಸ್ವಲ್ಪ ಒತ್ತು ಬಿದ್ದಂತೆ ನನಗೆ ಕೇಳಿಸಿತು, ಇರಲಿಕ್ಕಿಲ್ಲ. ಲೈಸೆನ್ಸ್ ಸಿಗುತ್ತದೆ, ಆದರೆ ಹೊರಗೆ ಕರೆದೊಯ್ಯುವಾಗ ಹಗ್ಗ ಬೇಕು, ಬಾಯಿಗೆ ಕುಕ್ಕೆ ಬೇಕು, ರಾಶಿ ಮಾಡುವಾಗ ಎತ್ತುಗಳಿಗೆ ಕಟ್ಟುತ್ತಾರಲ್ಲ, ಅಂಥದು. ಮೆಹ್ತಾ ಚಪ್ಪಲಿ ಸ್ಟ್ಯಾಂಡಿನಿಂದ ಎದ್ದು, ‘ಠೀಕ್ ಹೈ ಮ್ಯಾಡಮ್’ ಎಂದು ನನಗೇ ಹೇಳಿ ಹೋದರು. ಭಾಭೀಜಿ ಹೋಗಿ ಮ್ಯಾಡಮ್ ಆದೆ. ಇನ್ನು ಮುಂದೆ ಕೆಟ್ಟ ಸುದ್ದಿ ತರಲಿಕ್ಕಿಲ್ಲ. ಇದನ್ನೂ ದೇವರ ಕರುಣೆಗಳ ಸಾಲಿಗೆ ಸೇರಿಸಿಕೊಂಡೆ.

ನಾನು ಟೈಗರ್‌ನನ್ನು ಎರಡನೆಯ ಸಲ ತೊಳೆದು, ಅವನ ಜೊತೆ ನಾನೂ ಅರ್ಧ ನೆನೆದು ಹೊರಗೆ ಬಂದಾಗ, ನಮ್ಮವರು ಹಳದಿ ಅಂಗಿಯಲ್ಲೇ ಅಂಗಡಿಯವನಿಗೆ ಫೋನು ಮಾಡುತ್ತ ನಿಂತಿದ್ದರು. ನನ್ನ ಹೊಲಿಗೆ ಡಬ್ಬಿಯ ಟೇಪು ಅವರ ಕೊರಳಲ್ಲಿತ್ತು. ಫೋನಿಗೆ ಕೈ ಅಡ್ಡ ಹಿಡಿದು, ಬಹಳ ಗಂಭೀರವಾಗಿ ಹೇಳಿದರು: ‘ಕುಕ್ಕಿಗೆ ಬಾಯಿ ಅಳತಿ ಕೇಳತಾನ. ಟೈಗ್ಯಾನ್ನ ಆಮ್ಯಾಲ ನೋಡೂಣು. ಖರೇ ಬೇಕಾದವರ್ದು ಮದಲ ತಗೋತೀನಿ, ಸ್ವಲ್ಪ ಈ ಕಡೆ ತಿರುಗು.’

ನನ್ನ ಹತ್ತಿರ ಉತ್ತರಗಳಿಗೆ ಬರವಿರಲಿಲ್ಲ. ಆದರೆ ಯಾವುದನ್ನು ಹೇಳಿದರೂ ಅವರ ಮಾತೇ ನಿಜವಾಗುತ್ತಿತ್ತು. ಪಲ್ಲವಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. ಟೈಗರ್ ನಮ್ಮಿಬ್ಬರನ್ನೂ ನೋಡಿ, ಎದ್ದು ನನ್ನಿಂದ ಸ್ವಲ್ಪ ದೂರ ಹೋಗಿ ಕೂತ. ಒಲೆಯ ಮೇಲೆ ಹಂಚು ಕಾದಿತ್ತು. ನಾನು ಒಳಗೆ ಹೋಗಿ ರೊಟ್ಟಿ ಬಡಿಯಲು ನಿಂತೆ. ಅವತ್ತು ಸದ್ದು ಕೆಳಗಿನ ಮಹಡಿಯವರೆಗೆ ಕೇಳಿಸಿತಂತೆ.